ಹಳೆಯ ನೋಟು ಕೈಗೆ ಬಂದಾಗ: ಮಾಡಬೇಕಾದ್ದು, ಮಾಡಬಾರದ್ದು

ತುಮಕೂರು ನಗರ, ಗುಬ್ಬಿ, ಕುಣಿಗಲ್ ಪೇಟೆಗಳಲ್ಲಿ ದಿನವೂ ಚಿಲ್ಲರೆ ಎಣಿಸುವ ಅಂಗಡಿಯವರಿಗೆ, ಮನೆಯ ಟ್ರಂಕಿನಲ್ಲೋ ಅಜ್ಜಿಯ ಎಲೆಅಡಿಕೆ ಸಂಚಿಯಲ್ಲೋ ಹಳೆಯ ನೋಟು ಕಂಡವರಿಗೆ, ಈಗಷ್ಟೇ ಸಂಗ್ರಹ ಶುರು ಮಾಡಿರುವ ಹುಡುಗ ಹುಡುಗಿಯರಿಗೆ ಈ ಸೂಚನೆ. ಹಳೆಯ ನೋಟಿನ ವಿಷಯದಲ್ಲಿ ಎರಡು ಬಗೆಯ ನಷ್ಟ ಆಗುತ್ತಿದೆ. ಬೆಲೆಯಿಲ್ಲದ ನೋಟಿಗೆ ಲಕ್ಷ ಬರುತ್ತದೆಂದು ನಂಬಿ ಜನ ಕೈಯಲ್ಲಿದ್ದ ಹಣ ಕಳೆದುಕೊಳ್ಳುತ್ತಾರೆ. ನಿಜವಾಗಿ ಬೆಲೆಯಿರುವ ನೋಟನ್ನು ತೊಳೆದು, ಇಸ್ತ್ರಿ ಹಾಕಿ, ಟೇಪು ಅಂಟಿಸಿ ಹಾಳುಮಾಡುತ್ತಾರೆ. ಎರಡನ್ನೂ ತಡೆಯಬಹುದು. ಅದಕ್ಕೆ ಬೇಕಾದದ್ದು ತಾಳ್ಮೆ, ಒಳ್ಳೆಯ ಬೆಳಕು, ಸ್ವಲ್ಪ ತಿಳಿವಳಿಕೆ.

ಯಾರಿಗೂ ಮುಂಗಡ ಹಣ ಕಳಿಸಬೇಡಿ

ಎಲ್ಲಕ್ಕಿಂತ ಮೊದಲು ಪಾಲಿಸಬೇಕಾದದ್ದು ಇದು. ಇದಕ್ಕೆ ವಿನಾಯಿತಿ ಇಲ್ಲ.

ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿದ್ದರೆ ಲಕ್ಷಗಟ್ಟಲೆ ಹಣ, ನಂಬರಿನಲ್ಲಿ 786 ಇದ್ದರೆ ಇನ್ನೂ ಹೆಚ್ಚು ಎಂದು ಹೇಳುವ ವಿಡಿಯೊಗಳು ಪ್ರತಿಯೊಬ್ಬರ ಫೋನಿಗೂ ಬರುತ್ತಿವೆ. ಅದರಲ್ಲಿರುವ ನಂಬರಿಗೆ ನೋಟಿನ ಫೋಟೊ ಕಳಿಸಿದರೆ ಆ ಕಡೆಯವರು ಮರ್ಯಾದೆಯಿಂದ ಮಾತಾಡಿಸುತ್ತಾರೆ, ದೊಡ್ಡ ಮೊತ್ತ ಹೇಳುತ್ತಾರೆ. ಆಮೇಲೆ ನೋಂದಣಿ ಶುಲ್ಕ ಎನ್ನುತ್ತಾರೆ, ಅದು ಕಟ್ಟಿದರೆ ಜಿಎಸ್‌ಟಿ ಎನ್ನುತ್ತಾರೆ, ಕೊನೆಗೆ ರಿಸರ್ವ್ ಬ್ಯಾಂಕಿನ ಪ್ರಮಾಣಪತ್ರಕ್ಕೆ ಇಷ್ಟು ಎನ್ನುತ್ತಾರೆ. ಪ್ರತಿ ಸಲವೂ ಕೇಳುವುದು ಸ್ವಲ್ಪವೇ. ಬರುವ ಲಕ್ಷದ ಮುಂದೆ ಇದೇನು ಮಹಾ ಎಂದು ಬಡವರು ಸಾಲ ಮಾಡಿ ಕಟ್ಟುತ್ತಾರೆ. ನೋಟು ಮನೆಯಲ್ಲೇ ಉಳಿಯುತ್ತದೆ, ಹಣ ಹೋಗುತ್ತದೆ.

2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕ್ ಇದೇ ವಿಷಯಕ್ಕೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ತಾನು ಇಂಥ ವ್ಯವಹಾರದಲ್ಲಿ ಇಲ್ಲ, ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ, ತನ್ನ ಪರವಾಗಿ ಶುಲ್ಕ ವಸೂಲಿ ಮಾಡಲು ಯಾವ ಸಂಸ್ಥೆಗೂ ವ್ಯಕ್ತಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು. ಆದ್ದರಿಂದ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹಣ ಕೇಳಿದವನು ಮೋಸಗಾರನೇ. ಅವನ ಜೊತೆ ವಾದಕ್ಕೆ ಇಳಿಯಬೇಡಿ. ಫೋನ್ ಇಡಿ.

ಒಟಿಪಿ ಹೇಳಬೇಡಿ. ಆಧಾರ್, ಪಾಸ್‌ಬುಕ್ ಫೋಟೊ ಕಳಿಸಬೇಡಿ. ‘ನಿಮಗೆ ಹಣ ಹಾಕಲು’ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದರೆ ಮಾಡಬೇಡಿ. ಹಣ ಪಡೆಯುವವರು ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ, ಪಿನ್ ಒತ್ತಬೇಕಾಗಿಯೂ ಇಲ್ಲ. ಈಗಾಗಲೇ ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ಮನೆಯ ಹಿರಿಯರಿಗೆ ಹೀಗಾಗಿದ್ದರೆ ಅವರನ್ನು ಬೈಯಬೇಡಿ. ಬೈಗುಳಕ್ಕೆ ಹೆದರಿ ಅವರು ಮುಂದಿನ ಸಲ ಹೇಳುವುದೇ ಇಲ್ಲ.

ಟ್ರ್ಯಾಕ್ಟರ್ ನೋಟಿನ ವಿಷಯ ಇಲ್ಲೇ ಮುಗಿಸುತ್ತೇನೆ. 1980ರ ಹೊಸ ಸರಣಿಯಲ್ಲಿ 1 ರೂಪಾಯಿಗೆ ಎಣ್ಣೆಬಾವಿಯ ವೇದಿಕೆ, 2 ರೂಪಾಯಿಗೆ ಆರ್ಯಭಟ ಉಪಗ್ರಹ, 5 ರೂಪಾಯಿಗೆ ಟ್ರ್ಯಾಕ್ಟರ್ ಉಳುಮೆ ಬಂದವು. 2001ರಲ್ಲಿ ಗಾಂಧಿ ಚಿತ್ರದ 5 ರೂಪಾಯಿ ಬಂದಾಗಲೂ ಹಿಂಬದಿಯಲ್ಲಿ ಟ್ರ್ಯಾಕ್ಟರೇ ಇತ್ತು. ಇವು ಅಪಾರ ಸಂಖ್ಯೆಯಲ್ಲಿ ಅಚ್ಚಾದವು. ಮಡಿಕೆ ಬಿದ್ದ, ಮಾಸಿದ ಟ್ರ್ಯಾಕ್ಟರ್ ನೋಟಿಗೆ ಮುಖಬೆಲೆಗಿಂತ ಹೆಚ್ಚು ಕೊಡುವವರು ಅಪರೂಪ.

ಖರ್ಚು ಮಾಡುವ ಮೊದಲು ಎರಡೂ ಬದಿ ನೋಡಿ

ಹಿಂಬದಿಯಿಂದ ಶುರು ಮಾಡಿ. ಕೆಳ ಅಂಚಿನ ನಡುವೆ ಮುದ್ರಣದ ವರ್ಷ ಇದೆಯೇ ನೋಡಿ. ಗಾಂಧಿ ಸರಣಿ ಬಂದದ್ದು 1996ರಲ್ಲಿ, ಹಿಂಬದಿಯಲ್ಲಿ ವರ್ಷ ಹಾಕಲು ಶುರುವಾದದ್ದು 2005ರಲ್ಲಿ. ವರ್ಷವಿಲ್ಲದ ಹಳೆಯ ನೋಟುಗಳನ್ನು ಚಲಾವಣೆಯಿಂದ ಹಿಂದಕ್ಕೆ ಪಡೆಯುವುದಾಗಿ ರಿಸರ್ವ್ ಬ್ಯಾಂಕ್ 2014ರ ಜನವರಿ 22ರಂದು ಪ್ರಕಟಿಸಿತು. 10, 20, 50, 100ರ ಅಂಥ ನೋಟುಗಳಿಗೆ ಈಗಲೂ ಕಾನೂನಿನ ಮಾನ್ಯತೆ ಇದೆ. ಆದರೆ ಒಮ್ಮೆ ಬ್ಯಾಂಕಿಗೆ ಹೋದರೆ ಮತ್ತೆ ಪೇಟೆಗೆ ಬರುವುದಿಲ್ಲ. ಆನೆ, ಹುಲಿ, ಖಡ್ಗಮೃಗದ ಮುಖಗಳಿರುವ 10 ರೂಪಾಯಿ ನೋಟು ಹೂವಿನ ಅಂಗಡಿಯ ಚಿಲ್ಲರೆಯಲ್ಲಿ ಬಂದರೆ, ಹಿಂಬದಿಯಲ್ಲಿ ವರ್ಷ ಇಲ್ಲದಿದ್ದರೆ, ಚೆನ್ನಾಗಿದ್ದರೆ ಎತ್ತಿಡಿ. ನಾಳೆಯೇ ಲಾಭ ಬರುತ್ತದೆಂದು ಎತ್ತಿಡಬೇಡಿ. ಇಂಥ ನೋಟು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ, ಎತ್ತಿಡಲು ಅಷ್ಟು ಕಾರಣ ಸಾಕು.

ಆಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಓದಿ. ಸಂಗ್ರಹಕಾರರು ನೋಟನ್ನು ವಿಂಗಡಿಸುವುದೇ ಸಹಿಯ ಮೇಲೆ. ಸಿ. ರಂಗರಾಜನ್ ಸಹಿಯ ಗಾಂಧಿ ನೋಟು ಆ ಸರಣಿಯ ಮೊದಲ ವರ್ಷಗಳದ್ದು. ಅವರ ಬಳಿಕ ಬಿಮಲ್ ಜಲಾನ್, ವೈ.ವಿ. ರೆಡ್ಡಿ, ಡಿ. ಸುಬ್ಬರಾವ್, ರಘುರಾಮ್ ರಾಜನ್, ಊರ್ಜಿತ್ ಪಟೇಲ್, ಶಕ್ತಿಕಾಂತ ದಾಸ್, ಸಂಜಯ್ ಮಲ್ಹೋತ್ರಾ. ಈ ಸಾಲನ್ನು ಬಾಯಿಪಾಠ ಮಾಡಿಕೊಳ್ಳಿ, ನೋಟು ನೋಡಿದ ಕ್ಷಣವೇ ಅದರ ಕಾಲ ಗೊತ್ತಾಗುತ್ತದೆ. ಹಳೆಯದರಲ್ಲಿ ಬಿ.ಎನ್. ಅದಾರ್ಕರ್ ಹೆಸರನ್ನು ಮರೆಯಬೇಡಿ. ಅವರು ಗವರ್ನರ್ ಆಗಿದ್ದದ್ದು 1970ರ ಮೇ 4ರಿಂದ ಜೂನ್ 15ರವರೆಗೆ ಮಾತ್ರ. ಗಾಂಧಿ ಜನ್ಮಶತಮಾನೋತ್ಸವಕ್ಕೆಂದು 1969ರಲ್ಲಿ ಬಂದ, ಸೇವಾಗ್ರಾಮದ ಹಿನ್ನೆಲೆಯಲ್ಲಿ ಕುಳಿತ ಗಾಂಧೀಜಿಯ ನೋಟುಗಳಲ್ಲಿ ಹೆಚ್ಚಿನವಕ್ಕೆ ಎಲ್.ಕೆ. ಝಾ ಸಹಿ ಇದೆ, ಕೆಲವಕ್ಕೆ ಅದಾರ್ಕರ್ ಸಹಿ ಇದೆ. ಚಿತ್ರ ಒಂದೇ, ಸಹಿ ಬೇರೆ ಎಂಬ ಕಾರಣಕ್ಕೆ ಬೆಲೆಯೂ ಬೇರೆ. ಅಜ್ಜನ ಟ್ರಂಕಿನಲ್ಲಿ ಈ ನೋಟು ಸಿಕ್ಕಿದರೆ ಸಹಿ ನೋಡದೆ ಯಾರಿಗೂ ಕೊಡಬೇಡಿ.

1 ರೂಪಾಯಿ ನೋಟಿನಲ್ಲಿ ಗವರ್ನರ್ ಸಹಿ ಹುಡುಕಬೇಡಿ, ಇರುವುದಿಲ್ಲ. ಅದು ಭಾರತ ಸರ್ಕಾರದ ನೋಟು. ಹಣಕಾಸು ಕಾರ್ಯದರ್ಶಿ ಸಹಿ ಹಾಕುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅದು ನಾಣ್ಯ. ಮೊದಲ ಸಲ 1917ರಲ್ಲಿ ಬಂತು. 1926ರಲ್ಲಿ ನಿಂತು, 1940ರಲ್ಲಿ ಮರಳಿತು. 1994ರಲ್ಲಿ ಮತ್ತೆ ನಿಂತು, 2015ರಲ್ಲಿ ಮತ್ತೆ ಶುರುವಾಯಿತು. ಮನಮೋಹನ್ ಸಿಂಗ್ ಅವರ ಸಹಿ ಎರಡು ಕಡೆ ಸಿಗುತ್ತದೆ: 1976ರಿಂದ 1980ರವರೆಗೆ ಹಣಕಾಸು ಕಾರ್ಯದರ್ಶಿಯಾಗಿ 1 ರೂಪಾಯಿ ನೋಟಿನಲ್ಲಿ, 1982ರಿಂದ 1985ರವರೆಗೆ ಗವರ್ನರ್ ಆಗಿ ಉಳಿದ ನೋಟುಗಳಲ್ಲಿ. ಇವೆರಡನ್ನು ಜೋಡಿಯಾಗಿ ಇಟ್ಟುಕೊಳ್ಳುವುದು ಹೊಸಬರಿಗೆ ಒಳ್ಳೆಯ ಆರಂಭ. ಖರ್ಚು ಕಡಿಮೆ, ಕಲಿಕೆ ಹೆಚ್ಚು.

ಮೂರನೆಯದು ನಂಬರು. ನಂಬರಿನ ಮುಂದಿನ ಅಕ್ಷರಗಳು ಮತ್ತು ಆರು ಅಂಕಿಗಳ ನಡುವೆ ನಕ್ಷತ್ರ ಇದ್ದರೆ ಹೆದರಬೇಡಿ, ಅದು ಖೋಟಾ ನೋಟಲ್ಲ. ಮುದ್ರಣದಲ್ಲಿ ಕೆಟ್ಟ ಹಾಳೆಯ ಬದಲಿಗೆ ಹಾಕಿದ ನೋಟು ಅದು. 2006ರಲ್ಲಿ ಸಣ್ಣ ಮುಖಬೆಲೆಗಳಿಂದ ಈ ಪದ್ಧತಿ ಶುರುವಾಯಿತು. ನಕ್ಷತ್ರದ ನೋಟು ನಕಲಿ ಎಂಬ ಸುದ್ದಿ ಹಬ್ಬಿದಾಗ, ಅದು ಪೂರ್ತಿ ಮಾನ್ಯ ಎಂದು ರಿಸರ್ವ್ ಬ್ಯಾಂಕ್ 2023ರ ಜುಲೈನಲ್ಲಿ ತಿಳಿಸಿತು. ಅಂಗಡಿಯವರು ನಕ್ಷತ್ರ ಕಂಡರೆ ಗಿರಾಕಿಗೆ ನೋಟು ವಾಪಸ್ ಕೊಡಬಾರದು. ಗರಿಗರಿಯಾಗಿರುವ ನಕ್ಷತ್ರದ ನೋಟಿಗೆ ಸಂಗ್ರಹಕಾರರಲ್ಲಿ ಬೇಡಿಕೆ ಇದೆ. ಮುದುಡಿದ್ದಕ್ಕೆ ಬಹಳ ಕಡಿಮೆ.

ಆರೂ ಅಂಕಿ ಒಂದೇ ಆಗಿರುವುದು, 123456ರಂತೆ ಮೆಟ್ಟಿಲು ಏರುವುದು, ಹಿಂದಿನಿಂದ ಓದಿದರೂ ಅದೇ ಬರುವುದು, 000001ರಿಂದ ಶುರುವಾಗುವ ತೀರ ಸಣ್ಣ ನಂಬರು, ಇವನ್ನು ಬಿಡಬೇಡಿ. ಪೇಟೆಯ ಮಾತಿನಲ್ಲಿ ಇವೇ ಫ್ಯಾನ್ಸಿ ನಂಬರು. 786ಕ್ಕೆ ಶ್ರದ್ಧೆಯಿಂದ ಕೊಳ್ಳುವವರು ಇದ್ದಾರೆ, ಆ ಶ್ರದ್ಧೆಯನ್ನು ಗೌರವಿಸಿ. ಆದರೆ ನಂಬರಿನ ಕೊನೆಗೆ 786 ಇರುವ ನೋಟು ಪ್ರತಿ ಸಾವಿರಕ್ಕೆ ಒಂದು ಇದ್ದೇ ಇರುತ್ತದೆ. ಅದು ಲಕ್ಷದ ವಸ್ತು ಅಲ್ಲ.

ಅಂಕಿಗಳ ಗಾತ್ರವನ್ನೂ ಗಮನಿಸಿ. 2015ರಿಂದ ನಂಬರಿನ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಹೋಗುತ್ತವೆ. ರಾಜನ್ ಸಹಿಯ ನೋಟುಗಳಲ್ಲಿ ಸಮಗಾತ್ರದ ಅಂಕಿಯವೂ ಇವೆ, ಬೆಳೆಯುವ ಅಂಕಿಯವೂ ಇವೆ. ₹ ಚಿಹ್ನೆಯನ್ನು ಸರ್ಕಾರ ಒಪ್ಪಿದ್ದು 2010ರ ಜುಲೈ 15ರಂದು. ಅದಿಲ್ಲದ ನೋಟು ಅದಕ್ಕಿಂತ ಮೊದಲಿನದೋ, ಬದಲಾವಣೆಯ ಆಸುಪಾಸಿನದೋ ಆಗಿರುತ್ತದೆ. ನಂಬರಿನ ಹಿಂದೆ ತೆಳುವಾಗಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ, ಕೆಲವಲ್ಲಿ ಇರುವುದಿಲ್ಲ. ಅದನ್ನು ಇನ್ಸೆಟ್ ಅಕ್ಷರ ಎನ್ನುತ್ತಾರೆ. ಸಹಿ, ವರ್ಷ, ಇನ್ಸೆಟ್ ಅಕ್ಷರ ಈ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಯಾವುದು ಪದೇ ಪದೇ ಬರುತ್ತದೆ, ಯಾವುದು ಬರುವುದೇ ಇಲ್ಲ ಎಂಬುದು ಆ ಪಟ್ಟಿಯಿಂದಲೇ ತಿಳಿಯುತ್ತದೆ.

ಚಲಾವಣೆಯಲ್ಲಿ ಅಲ್ಲ, ಟ್ರಂಕಿನಲ್ಲಿ ಸಿಗುವ ಇನ್ನೂ ಹಳೆಯ ನೋಟುಗಳಿಗೆ ಕೆಲವು ಗುರುತು ಹೇಳುತ್ತೇನೆ. 1967ರಲ್ಲಿ ಖರ್ಚು ಉಳಿಸಲು ನೋಟುಗಳ ಗಾತ್ರ ಕಡಿಮೆ ಮಾಡಿದರು. ಕೈಗೆ ದೊಡ್ಡದೆನಿಸುವ ನೋಟು ಅದಕ್ಕೆ ಹಿಂದಿನದು. ಸ್ವಾತಂತ್ರ್ಯದ ಬಳಿಕದ ಮೊದಲ ನೋಟುಗಳಲ್ಲಿ ಹಿಂದಿಯಲ್ಲಿ ‘ರುಪಯಾ’ ಎಂದಿತ್ತು. 1953ರಲ್ಲಿ ಹಿಂದಿಗೆ ಪ್ರಮುಖ ಸ್ಥಾನ ಕೊಟ್ಟಾಗ ‘ರುಪಯೇ’ ಎಂದು ತೀರ್ಮಾನವಾಯಿತು. ಆ ಕಾಲದ ಗವರ್ನರ್ ನಮ್ಮ ಕರಾವಳಿ ಮೂಲದ ಬೆನಗಲ್ ರಾಮರಾವ್. 1949ರಿಂದ 1957ರವರೆಗೆ ಇದ್ದ ಅವರಷ್ಟು ದೀರ್ಘಕಾಲ ಆ ಹುದ್ದೆಯಲ್ಲಿ ಇನ್ನೊಬ್ಬರು ಇರಲಿಲ್ಲ. 20 ರೂಪಾಯಿ ನೋಟು 1972ರಲ್ಲಿ, 50 ರೂಪಾಯಿ 1975ರಲ್ಲಿ ಬಂದವು. 50ರ ಮೊದಲ ಮುದ್ರಣಗಳಲ್ಲಿ ಸಂಸತ್ ಭವನದ ಮೇಲಿನ ಕಂಬಕ್ಕೆ ಧ್ವಜ ಇಲ್ಲ, ಆಮೇಲಿನವಕ್ಕೆ ಇದೆ. ಹಳೆಯ 50 ಸಿಕ್ಕವರು ಭೂತಗನ್ನಡಿ ಹಿಡಿದು ಕಂಬ ನೋಡಲೇಬೇಕು.

2 ರೂಪಾಯಿಯ ಆರ್ಯಭಟ ನೋಟಿಗೆ ಪೇಟೆಯಲ್ಲಿ ದೊಡ್ಡ ಬೆಲೆ ಇಲ್ಲ. ಆದರೂ ನಮ್ಮ ಕಡೆಯ ಮಕ್ಕಳಿಗೆ ಒಂದೊಂದು ಕೊಡಿ ಎಂದು ಹೇಳುತ್ತೇನೆ. ಆ ಉಪಗ್ರಹವನ್ನು ಕಟ್ಟಿದ್ದು ತುಮಕೂರು ರಸ್ತೆಯಲ್ಲೇ ಇರುವ ಪೀಣ್ಯದ ಶೆಡ್ಡುಗಳಲ್ಲಿ. ಅದು ಆಕಾಶಕ್ಕೆ ಹೋದದ್ದು 1975ರ ಏಪ್ರಿಲ್ 19ರಂದು. ಬೆಂಗಳೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ದಿನವೂ ಕಾಣುವ ಜಾಗದ ಚರಿತ್ರೆ ಅದರ ಮೇಲಿದೆ.

ಹಿಂಬದಿಯ ಭಾಷೆಗಳ ಪಟ್ಟಿಯನ್ನೂ ಓದಿ. ಈಗಿನ ನೋಟಿನ ಆ ಪಟ್ಟಿಯಲ್ಲಿ 15 ಭಾಷೆಗಳಿವೆ, ಮೇಲಿನಿಂದ ನಾಲ್ಕನೆಯದು ಕನ್ನಡ. ನಿಮಗೆ ಚೆನ್ನಾಗಿ ಗೊತ್ತಿರುವ ಲಿಪಿ ಅದು. ಒತ್ತಕ್ಷರ ಕಲಸಿಹೋಗಿದ್ದರೆ, ಅಂಚು ಮಸುಕಾಗಿದ್ದರೆ, ನೋಟನ್ನು ಅನುಮಾನಿಸಿ. ಹಳೆಯ ನೋಟಿನ ನಕಲು ಪ್ರತಿಗಳು ಮಾರಾಟಕ್ಕೆ ಬರುತ್ತವೆ. ಬೆಳಕಿಗೆ ಹಿಡಿದು ನೀರುಗುರುತು ನೋಡಿ, ಬೆರಳಿನಿಂದ ಉಬ್ಬು ಮುದ್ರಣ ಮುಟ್ಟಿ ನೋಡಿ. ಖೋಟಾ ಎಂದು ಗೊತ್ತಾದ ನೋಟನ್ನು ಸಂಗ್ರಹಕ್ಕೆಂದು ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೆ ದಾಟಿಸಬೇಡಿ, ಎರಡರಿಂದಲೂ ಪೊಲೀಸು ಕೋರ್ಟು ಎಂದು ಅಲೆಯಬೇಕಾದೀತು. ಬ್ಯಾಂಕಿಗೆ ಒಪ್ಪಿಸಿ ರಸೀದಿ ಪಡೆಯಿರಿ.

ಮುದ್ರಣದ ತಪ್ಪಿರುವ ನೋಟು, ಅಂದರೆ ಮೂಲೆಯಲ್ಲಿ ಮಡಿಚಿಕೊಂಡು ಉಳಿದ ಹೆಚ್ಚುವರಿ ಕಾಗದ, ಎರಡು ಕಡೆ ಬೇರೆ ಬೇರೆ ನಂಬರು, ಒಂದು ಬಣ್ಣವೇ ಬಿದ್ದಿಲ್ಲದ್ದು, ನಿಜವಾಗಿಯೂ ಬೆಲೆಬಾಳುತ್ತದೆ. ರಾಸಾಯನಿಕ ಹಾಕಿ ಬಣ್ಣ ಅಳಿಸಿ ‘ತಪ್ಪು ನೋಟು’ ತಯಾರಿಸುವವರೂ ಇದ್ದಾರೆ. ಗೊತ್ತಿರುವವರಿಗೆ ತೋರಿಸದೆ ಕೊಳ್ಳಬೇಡಿ.

ಎಲ್ಲಿ ಹುಡುಕಬೇಕು, ಎಲ್ಲಿ ಕೈ ಹಾಕಬಾರದು

ಸಣ್ಣ ನೋಟು ಹೆಚ್ಚು ಕೈ ಬದಲಾಗುವ ಕಡೆ ಹುಡುಕಿ. ತುಮಕೂರಿನ ಮಂಡಿಪೇಟೆ, ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆ, ಗುಬ್ಬಿಯ ಚನ್ನಬಸವೇಶ್ವರ ಜಾತ್ರೆಯ ಅಂಗಡಿಸಾಲು, ಕುಣಿಗಲ್ ಬಸ್ ನಿಲ್ದಾಣದ ಸುತ್ತಿನ ಹೋಟೆಲುಗಳು, ಇಲ್ಲೆಲ್ಲ 10, 20, 50 ರೂಪಾಯಿಗಳು ಹರಿದಾಡುತ್ತವೆ. ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ಹಣ ಹೆಚ್ಚು ಓಡಾಡಿದರೂ ಅದೆಲ್ಲ 500ರ ಕಟ್ಟು. ಸಂಗ್ರಹಕ್ಕೆ ಅಲ್ಲಿ ಸಿಗುವುದು ಕಡಿಮೆ. ಮನೆಯಲ್ಲಿ ಹುಡುಕುವುದಾದರೆ ಹಳೆಯ ಪಂಚಾಂಗದ ಪುಟ, ಸಾಸಿವೆ ಡಬ್ಬಿಯ ತಳ, ಸೀರೆ ಮಡಿಕೆ, ಮುಯ್ಯಿಯ ಕವರು ನೋಡಿ. ಮುಯ್ಯಿಗೆ 101, 501 ಕೊಡುವ ಪದ್ಧತಿಯಿಂದಾಗಿ 1 ರೂಪಾಯಿ ನೋಟುಗಳು ಖರ್ಚಾಗದೆ, ಮಡಿಕೆ ಬೀಳದೆ ಕವರಿನಲ್ಲೇ ಉಳಿದಿರುತ್ತವೆ. ನಮ್ಮ ಮನೆಗಳಲ್ಲಿ ಒಳ್ಳೆಯ ಸ್ಥಿತಿಯ ನೋಟು ಸಿಗುವುದಿದ್ದರೆ ಹೆಚ್ಚಾಗಿ ಅಲ್ಲೇ.

ಅಂಗಡಿಯವರನ್ನು ಕೇಳಿಯೇ ನೋಡಿ. ಸಂಜೆ ಗಿರಾಕಿ ತುಂಬಿದ ಹೊತ್ತಿನಲ್ಲಿ ಗಲ್ಲಾ ತೋರಿಸಿ ಎನ್ನಬೇಡಿ. ಬ್ಯಾಂಕಿನ ಕ್ಯಾಷಿಯರ್‌ಗೆ ಕಟ್ಟು ಬಿಚ್ಚಿ ನಂಬರು ನೋಡಿ ಎಂದು ಒತ್ತಾಯಿಸಬೇಡಿ. ಬಸ್ಸಿನ ಕಂಡಕ್ಟರ್ ಚೀಲದಲ್ಲಿರುವುದು ಸಂಸ್ಥೆಯ ಹಣ, ಅವರು ಪೈಸೆ ಪೈಸೆಗೂ ಲೆಕ್ಕ ಕೊಡಬೇಕು. ಅವರ ಚೀಲಕ್ಕೆ ಕಣ್ಣು ಹಾಕಬೇಡಿ. ಅವರು ಕೊಟ್ಟ ಚಿಲ್ಲರೆಯಲ್ಲಿ ಏನು ಬಂತೋ ಅದು ನಿಮ್ಮದು.

ಹುಂಡಿಯ ಹಣಕ್ಕೆ ಕೈ ಹಾಕಬಾರದು. ಎಡೆಯೂರಿನ ಸಿದ್ಧಲಿಂಗೇಶ್ವರ ದೇವಸ್ಥಾನವಿರಲಿ, ಊರಿನ ಸಣ್ಣ ಮಾರಮ್ಮನ ಗುಡಿಯಿರಲಿ, ಎಣಿಕೆಗೆ ಕೂತವರು ಅದರಲ್ಲಿ ಕಂಡ ಹಳೆಯ ನೋಟನ್ನು ತೆಗೆದುಕೊಂಡು ಅಷ್ಟೇ ಮುಖಬೆಲೆಯ ಹೊಸ ನೋಟು ಹಾಕಬಾರದು. ಲೆಕ್ಕ ಸರಿಯಾಗಿದೆಯಲ್ಲ ಎಂಬ ಸಮಾಧಾನ ಒಪ್ಪತಕ್ಕದ್ದಲ್ಲ. ಹೆಚ್ಚಿನ ಬೆಲೆ ಇದ್ದರೆ ಆ ಹೆಚ್ಚಿನದೂ ದೇವಸ್ಥಾನದ್ದೇ. ಅಂಥ ನೋಟು ಕಂಡರೆ ಎಲ್ಲರ ಎದುರು ಅಧಿಕಾರಿಗಳಿಗೆ ತೋರಿಸಿ, ಬರೆಸಿ.

ಅಜ್ಜಿಯೊಬ್ಬರು ನೋಟು ತೋರಿಸಿ ‘ಇದು ನಡೆಯುತ್ತೇನಪ್ಪಾ?’ ಎಂದು ಕೇಳಿದರೆ ಗೊತ್ತಿದ್ದದ್ದನ್ನು ಹೇಳಿ. 10 ರೂಪಾಯಿ ಕೊಟ್ಟು ಸುಮ್ಮನೆ ಜೇಬಿಗೆ ಹಾಕಿಕೊಳ್ಳುವುದು ಸಂಗ್ರಹವಲ್ಲ, ಮೋಸ. ಅವರ ಮಕ್ಕಳನ್ನು ಕರೆಸಿ, ಬೆಲೆ ಹೇಳಿ, ಅವರು ಮಾರುವುದಾದರೆ ನ್ಯಾಯವಾದ ಹಣ ಕೊಟ್ಟು ಕೊಳ್ಳಿ. ಮಾರುವುದಿಲ್ಲ ಎಂದರೆ ಹೇಗೆ ಇಡಬೇಕು ಎಂದು ತೋರಿಸಿ ಬನ್ನಿ.

ತೊಳೆಯಬೇಡಿ, ಅಂಟಿಸಬೇಡಿ, ಚುಚ್ಚಬೇಡಿ

ನೋಟಿನ ಕಾಗದ ಹತ್ತಿಯದು. ಅದಕ್ಕೇ ನೀರಿಗೆ ಬಿದ್ದರೂ ಕರಗುವುದಿಲ್ಲ. ಆ ಧೈರ್ಯದಿಂದ ಸೋಪಿನಲ್ಲಿ ತೊಳೆದರೆ ಕಾಗದದ ಗರಿಗರಿ ಹೋಗುತ್ತದೆ, ಬಣ್ಣ ತೆಳುವಾಗುತ್ತದೆ. ಡಿಟರ್ಜೆಂಟಿನ ಬಿಳುಪು ದೀಪದ ಕೆಳಗೆ ಸಿಕ್ಕಿಬೀಳುತ್ತದೆ. ಅಸಲಿ ನೋಟಿನ ಕಾಗದ ನೇರಳಾತೀತ ಬೆಳಕಿನಲ್ಲಿ ಮಂಕಾಗಿರುತ್ತದೆ, ತೊಳೆದದ್ದು ಹೊಳೆಯುತ್ತದೆ. ತಿಳಿದ ಕೊಳ್ಳುಗ ಅದನ್ನು ಕೆಳಗಿಡುತ್ತಾನೆ. ಇಸ್ತ್ರಿ ಹಾಕಿ ಮಡಿಕೆ ತೆಗೆಯಬೇಡಿ, ಉಬ್ಬು ಮುದ್ರಣ ಚಪ್ಪಟೆಯಾಗುತ್ತದೆ. ರಬ್ಬರಿನಿಂದ ಉಜ್ಜಬೇಡಿ. ಹರಿದಿದ್ದರೆ ಟೇಪು ಹಾಕಬೇಡಿ, ಅದರ ಅಂಟು ವರ್ಷ ಕಳೆದಂತೆ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಆ ನೋಟಿನ ಕತೆ ಮುಗಿಯಿತು. ‘ಕಾಪಾಡಲು’ ಎಂದು ಹೀಗೆ ಹಾಳಾದ ಒಳ್ಳೆಯ ನೋಟುಗಳನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ವರಮಹಾಲಕ್ಷ್ಮಿ ಹಬ್ಬದಲ್ಲಿ ನೋಟನ್ನು ಬೀಸಣಿಗೆಯಂತೆ ಮಡಿಚಿ ಪಿನ್ನು ಚುಚ್ಚಿ ಅಲಂಕಾರ ಮಾಡುವ ಮನೆಗಳಿವೆ. ಮದುವೆಯಲ್ಲಿ, ಮೆರವಣಿಗೆಯಲ್ಲಿ ನೋಟಿನ ಹಾರ ಹಾಕುವುದಿದೆ. ಹಾರ, ಪೆಂಡಾಲಿನ ಅಲಂಕಾರಗಳಿಗೆ ನೋಟು ಬಳಸಬೇಡಿ ಎಂದು ರಿಸರ್ವ್ ಬ್ಯಾಂಕ್ ಹಲವು ಸಲ ಕೇಳಿಕೊಂಡಿದೆ. ದೇವರ ಮುಂದೆ ಹಣ ಇಡುವುದು ನಮ್ಮ ಪದ್ಧತಿ, ಇಡಿ. ತಟ್ಟೆಯಲ್ಲಿ ಮಡಿಚದೆ ಇಡಿ, ಅರಿಶಿನ ಕುಂಕುಮ ಬೇರೆ ಬಟ್ಟಲಲ್ಲಿರಲಿ. ಕುಂಕುಮದ ಕಲೆ ಬಿದ್ದ ನೋಟು ಅಂಗಡಿಯಲ್ಲಿ ನಡೆಯುತ್ತದೆ, ಸಂಗ್ರಹದಲ್ಲಿ ಅದರ ದರ್ಜೆ ಇಳಿಯುತ್ತದೆ. ನೋಟಿನ ಮೇಲೆ ಲೆಕ್ಕ, ಹೆಸರು, ಫೋನ್ ನಂಬರ್ ಬರೆಯಬೇಡಿ.

ಹಳೆಯ ನೋಟುಗಳ ಎಡಬದಿಯಲ್ಲಿ ಸಣ್ಣ ತೂತುಗಳು ಕಂಡರೆ ಅದನ್ನು ದೋಷವೆಂದು ಬಿಸಾಡಬೇಡಿ. ಬ್ಯಾಂಕುಗಳು ಕಟ್ಟುಗಳಿಗೆ ಸ್ಟೇಪಲ್ ಹೊಡೆಯುವುದನ್ನು ನಿಲ್ಲಿಸುವಂತೆ 2001ರಲ್ಲಿ ಆದೇಶವಾಯಿತು. ಅದಕ್ಕೆ ಹಿಂದಿನ ಬಹುತೇಕ ನೋಟುಗಳಲ್ಲಿ ಈ ತೂತು ಇದ್ದದ್ದೇ, ಬೆಲೆ ಕಟ್ಟುವವರಿಗೂ ಅದು ಗೊತ್ತು.

ನೋಟನ್ನು ಅಂಚಿನಲ್ಲಿ ಹಿಡಿಯಿರಿ. ಕೈ ಒಣಗಿರಲಿ. ಎಂಜಲು ಹಚ್ಚಿ ಎಣಿಸಬೇಡಿ. ಮೃದುವಾದ ಅಗ್ಗದ ಪಿವಿಸಿ ಹಾಳೆಯ ಆಲ್ಬಂ ಬೇಡ, ಅದು ವರ್ಷಗಳಲ್ಲಿ ಜಿಗುಟಾಗಿ ಮಸಿ ಎಳೆಯುತ್ತದೆ. ಪಿವಿಸಿ ಇಲ್ಲದ ಕವರು ಕೇಳಿ ತನ್ನಿ. ಗೋಡೆಗೆ ತಾಗಿದ ಬೀರುವಿನಲ್ಲಿ ಮಳೆಗಾಲದ ತೇವ ಹಿಡಿಯುತ್ತದೆ, ಗೆದ್ದಲೂ ಬರುತ್ತದೆ. ಆಗಾಗ ತೆಗೆದು ನೆರಳಿನಲ್ಲಿ ಗಾಳಿಗೆ ಇಡಿ, ಬಿಸಿಲಿಗೆ ಬೇಡ. ಕವರಿನ ಜೊತೆ ಒಂದು ಚೀಟಿ ಇರಲಿ: ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಯಾವಾಗ. ಚೀಟಿಯನ್ನು ಬರೆದು ಮುಗಿಸಿ ಆಮೇಲೆ ಒಳಗಿಡಿ, ಕವರಿನ ಮೇಲೆ ಪೆನ್ನು ಒತ್ತಿ ಬರೆದರೆ ನೋಟಿನ ಮೇಲೆ ಗೀರು ಮೂಡುತ್ತದೆ.

ಬೆಲೆ ಕಟ್ಟುವಾಗ

ಕೊಬ್ಬರಿ ಹರಾಜಿನಲ್ಲಿ ಉಂಡೆಗೊಂದು ದರ, ಹೋಳಿಗೊಂದು ದರ ಇರುವಂತೆ ನೋಟಿಗೂ ಸ್ಥಿತಿ ನೋಡಿಯೇ ದರ. ಒಂದೂ ಮಡಿಕೆಯಿಲ್ಲದ, ಮೂಲೆ ಚೂಪಾಗಿರುವ ನೋಟನ್ನು ಅನ್‌ಸರ್ಕ್ಯುಲೇಟೆಡ್ ಎನ್ನುತ್ತಾರೆ. ಅಲ್ಲಿಂದ ಒಂದೊಂದು ಮಡಿಕೆಗೂ ದರ್ಜೆ ಇಳಿಯುತ್ತದೆ. ಚಲಾವಣೆಯಲ್ಲಿ ಸಿಕ್ಕ ನೋಟು ಮೇಲಿನ ದರ್ಜೆಯಲ್ಲಿರುವುದು ಅಪರೂಪ. ‘ಅದೇ ನೋಟು ಹರಾಜಿನಲ್ಲಿ ಅಷ್ಟಕ್ಕೆ ಹೋಯಿತು’ ಎಂದು ಓದಿ ನಿಮ್ಮ ಮುದುಡಿದ ನೋಟಿಗೆ ಅದೇ ಬೆಲೆ ನಿರೀಕ್ಷಿಸಬೇಡಿ.

ಮಾರುವವರು ಹೇಳಿದ ಬೆಲೆಯನ್ನು ನಂಬಬೇಡಿ, ಮಾರಾಟವಾದ ಬೆಲೆಯನ್ನು ನೋಡಿ. ಆನ್‌ಲೈನ್‌ನಲ್ಲಿ ಯಾರು ಬೇಕಾದರೂ 10 ರೂಪಾಯಿ ನೋಟಿಗೆ ಲಕ್ಷ ಎಂದು ಬರೆಯಬಹುದು. ಬರೆದ ಮಾತ್ರಕ್ಕೆ ಕೊಂಡವರು ಇದ್ದಾರೆಂದಲ್ಲ. ಹೆಸರಾಂತ ಹರಾಜು ಸಂಸ್ಥೆಗಳು ತಮ್ಮಲ್ಲಿ ಬಿದ್ದ ಬೆಲೆಗಳನ್ನು ಪ್ರಕಟಿಸುತ್ತವೆ. ಅದೇ ಸಹಿ, ಅದೇ ವರ್ಷ, ಅದೇ ಇನ್ಸೆಟ್ ಅಕ್ಷರ, ಅದೇ ಸ್ಥಿತಿಯ ನೋಟಿನ ಬೆಲೆಯನ್ನು ಒಂದಕ್ಕಿಂತ ಹೆಚ್ಚು ಹರಾಜಿನಲ್ಲಿ ಹೋಲಿಸಿ. ಅದರಲ್ಲಿ ಕಮಿಷನ್, ಅಂಚೆ, ವಿಮೆ ಕಳೆಯಿರಿ. ವ್ಯಾಪಾರಿ ತನ್ನ ಲಾಭ ಬಿಟ್ಟು ಕೇಳುತ್ತಾನೆ, ಅದರಲ್ಲಿ ತಪ್ಪಿಲ್ಲ. ಆದರೆ ಒಬ್ಬರನ್ನೇ ಕೇಳಿ ಮಾರಬೇಡಿ.

ಕೈಯಲ್ಲಿ ಒಂದು ಒಳ್ಳೆಯ ಪುಸ್ತಕ ಇರಲಿ. ಕಿಶೋರ್ ಝುಂಝುನ್‌ವಾಲಾ ಅವರೊಡನೆ ಬೆಂಗಳೂರಿನ ರೆಜ್ವಾನ್ ರಜಾಕ್ ತಯಾರಿಸಿದ ಭಾರತೀಯ ಕಾಗದದ ಹಣದ ಕೈಪಿಡಿಯನ್ನು ಸಂಗ್ರಹಕಾರರೂ ವ್ಯಾಪಾರಿಗಳೂ ಆಧಾರವಾಗಿ ಬಳಸುತ್ತಾರೆ. ರಜಾಕ್ ಅವರ ಕಾಗದದ ಹಣದ ವಸ್ತುಸಂಗ್ರಹಾಲಯ 2020ರಲ್ಲಿ ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿ ತೆರೆಯಿತು. ತುಮಕೂರಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದು. ಅಸಲಿ ನೋಟು ಹೇಗಿರುತ್ತದೆಂದು ಕಣ್ಣಿಗೆ ಪಳಗಿಸಿಕೊಳ್ಳದೆ ದೊಡ್ಡ ಮೊತ್ತಕ್ಕೆ ಕೊಳ್ಳಬೇಡಿ. ಶಾಲೆಯ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳು ಒಂದು ಮಾತು ಹೇಳಿಕೊಡಲಿ: 1996ರಿಂದ ನೋಟು ಅಚ್ಚುಹಾಕುವ ಮುದ್ರಣಾಲಯವೊಂದು ನಮ್ಮ ಮೈಸೂರಿನಲ್ಲೇ ಇದೆ, ನೋಟಿನ ಕಾಗದದ ಗಿರಣಿಯೂ ಅಲ್ಲೇ ಇದೆ.

ಮಾರುವುದಾದರೆ ಎದುರಾಎದುರು ಮಾರಿ, ಹಣ ಖಾತೆಗೆ ಬಂದದ್ದು ಕಂಡ ಮೇಲೆಯೇ ನೋಟು ಕೊಡಿ. ಹರಾಜಿಗೆ ಕಳಿಸಿದರೆ ನಂಬರು ಸಮೇತ ಎರಡೂ ಬದಿಯ ಫೋಟೊ, ರಸೀದಿ ಇಟ್ಟುಕೊಳ್ಳಿ.

2016ರ ನೋಟುಗಳ ಕಾನೂನು ತಿಳಿದಿರಿ

2016ರ ನವೆಂಬರ್ 8ರಂದು ರದ್ದಾದ 500 ಮತ್ತು 1000ದ ನೋಟುಗಳು ಹಳೆಯ ನೋಟು ಎಂಬ ಹೆಸರಿನಲ್ಲಿ ಕಟ್ಟುಗಟ್ಟಲೆ ಇಟ್ಟುಕೊಳ್ಳುವ ವಸ್ತುವಲ್ಲ. 2017ರ ಕಾನೂನಿನ ಪ್ರಕಾರ ಸಾಮಾನ್ಯರು ಎರಡೂ ಸೇರಿ ಒಟ್ಟು 10 ನೋಟಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಅಧ್ಯಯನ, ಸಂಶೋಧನೆ, ನಾಣ್ಯಶಾಸ್ತ್ರಕ್ಕಾದರೆ 25ರ ಮಿತಿ. ಮೀರಿದರೆ 10,000 ರೂಪಾಯಿ ಅಥವಾ ಸಿಕ್ಕ ನೋಟುಗಳ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅಷ್ಟು ದಂಡ. ‘ಬದಲಿಸಿಕೊಡುತ್ತೇವೆ’ ಎಂದು ಬರುವವರನ್ನು ಮನೆಯೊಳಗೆ ಸೇರಿಸಬೇಡಿ. 2000ದ ನೋಟಿನ ಕತೆ ಬೇರೆ. 2023ರ ಮೇ 19ರಂದು ಅದನ್ನು ಹಿಂದಕ್ಕೆ ಪಡೆಯುವುದಾಗಿ ಹೇಳಿದರು, ಆದರೆ ರದ್ದು ಮಾಡಲಿಲ್ಲ. ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಯ ಮೂಲಕ ಅದನ್ನು ಖಾತೆಗೆ ಜಮಾ ಮಾಡಿಸಬಹುದು, ಅಂಚೆಯಲ್ಲೂ ಕಳಿಸಬಹುದು.

ಹರಿದ ನೋಟು ಬ್ಯಾಂಕಿಗೆ ಕೊಡುವ ಮೊದಲು

ಹರಕು ನೋಟನ್ನು ಅರ್ಧ ಬೆಲೆಗೆ ಕೊಳ್ಳುವ ದಲ್ಲಾಳಿಗಳಿಗೆ ಕೊಡಬೇಡಿ. ಯಾವ ಬ್ಯಾಂಕ್ ಶಾಖೆಯಲ್ಲಾದರೂ ಬದಲಿಸಬಹುದು, ಅಲ್ಲಿ ನಿಮ್ಮ ಖಾತೆ ಇರಬೇಕೆಂದಿಲ್ಲ. 20 ರೂಪಾಯಿವರೆಗಿನ ನೋಟಿನ ಅತಿ ದೊಡ್ಡ ತುಂಡು ಅರ್ಧಕ್ಕಿಂತ ಹೆಚ್ಚಿದ್ದರೆ ಪೂರ್ತಿ ಹಣ ಸಿಗುತ್ತದೆ. 50 ಮತ್ತು ಅದಕ್ಕೂ ಮೇಲಿನದರಲ್ಲಿ ಶೇ. 80ಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ತಿ, ಶೇ. 40ರಿಂದ 80ರವರೆಗೆ ಇದ್ದರೆ ಅರ್ಧ. ಕೌಂಟರಿನಿಂದ ತಿರಸ್ಕಾರವಾದರೆ ಮ್ಯಾನೇಜರನ್ನು ಮರ್ಯಾದೆಯಿಂದ ಕೇಳಿ, ಇದು ನಿಮಗಿರುವ ಹಕ್ಕು.

ಆದರೆ ಕೊಡುವ ಮೊದಲು ಸಹಿ, ವರ್ಷ, ನಂಬರು ಮೂರನ್ನೂ ನೋಡಿ. ಅಪರೂಪದ ನೋಟು ಹರಿದಿದ್ದರೂ ಅದಕ್ಕೆ ಮುಖಬೆಲೆ ಮೀರಿದ ಬೆಲೆ ಇರಬಹುದು. ಒಮ್ಮೆ ಕೌಂಟರಿನ ಒಳಗೆ ಹೋದ ಹರಕು ನೋಟು ನಾಶವಾಗುತ್ತದೆ, ಆಮೇಲೆ ಎಷ್ಟು ಕೇಳಿಕೊಂಡರೂ ವಾಪಸ್ ಸಿಗುವುದಿಲ್ಲ.